ಚರ್ಮವ್ಯಾಧಿಯ ಉಗ್ರತೆಗೆ ರಕ್ತದ ಸಾಕ್ಷ್ಯ: ಒಂದು ಐತಿಹಾಸಿಕ ವಿವೇಚನೆ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ಗ್ರಾಮಾಂತರದಲ್ಲಿ ಚರ್ಮರೋಗಗಳಿಗೆ ಹೆಸರುಗಳ ಕೊರತೆಯಿಲ್ಲ. ಕಜ್ಜಿ, ತುರಿ, ಇಸುಬು, ಚಿಬ್ಬು, ಹುಳುಕಡ್ಡಿ, ಸರ್ಪಸುತ್ತು, ತೊನ್ನು ಮೊದಲಾದ ಪದಗಳು ನಮ್ಮ ಹಳ್ಳಿಗಳ ನಿತ್ಯವ್ಯವಹಾರಕ್ಕೆ ಸೇರಿದವು. ಇವುಗಳಲ್ಲಿ ಹೆಚ್ಚಿನವು ಕಣ್ಣಿಗೆ ಬಿದ್ದ ಆಕಾರವನ್ನೋ ಮೈಗೆ ತಾಗಿದ ಬಾಧೆಯನ್ನೋ ಹಿಡಿದು ಹುಟ್ಟಿದ ಹೆಸರುಗಳು. ಆದರೆ ಕೆಂಪಗೆ ಉಬ್ಬಿದ ಮಚ್ಚೆಯ ಮೇಲೆ ಬೆಳ್ಳಿಯ ಬಣ್ಣದ ಹೊಟ್ಟು ಪದರಪದರವಾಗಿ ಉದುರುವ, ವರ್ಷಗಟ್ಟಲೆ ಅಡಗುತ್ತ ಮರಳುತ್ತ ಇರುವ ಒಂದು ವ್ಯಾಧಿಗೆ ಜನಬಳಕೆಯಲ್ಲಿ ನೆಲೆನಿಂತ ಪ್ರತ್ಯೇಕ ನಾಮಧೇಯವಿಲ್ಲ. ವೈದ್ಯರು ಅದನ್ನು ಸೋರಿಯಾಸಿಸ್ ಎನ್ನುತ್ತಾರೆ. ರೋಗಿಯೂ ಈಗ ಹಾಗೆಯೇ ಎನ್ನಲು ಕಲಿತಿದ್ದಾನೆ. ಸ್ವಂತ ಹೆಸರಿಲ್ಲದ ರೋಗವು ನೆರೆಯ ರೋಗದ ಹೆಸರನ್ನು ಹೊತ್ತುಕೊಳ್ಳುವುದು ಸ್ವಾಭಾವಿಕ. ಇದು ಕೆಲವೊಮ್ಮೆ ಇಸುಬೆಂದು ಅಲಕ್ಷಿಸಲ್ಪಟ್ಟಿತು, ಕೆಲವೊಮ್ಮೆ ಕುಷ್ಠವೆಂದು ಭಯಕ್ಕೆ ಕಾರಣವಾಯಿತು. ತೊನ್ನು ಎಂಬ ಪದದ ಅರ್ಥವೂ ಸ್ಥಿರವಾದುದಲ್ಲ: ಹಿಂದಿನ ಬರವಣಿಗೆಯಲ್ಲಿ ಅದು ಕುಷ್ಠಕ್ಕೂ, ಇಂದಿನ ಮಾತಿನಲ್ಲಿ ಬಿಳಿಮಚ್ಚೆಯ ವ್ಯಾಧಿಗೂ ಸಲ್ಲುತ್ತದೆ.

ಈ ವ್ಯಾಧಿ ಎಷ್ಟು ಉಗ್ರವಾಗಿದೆ ಎಂಬುದನ್ನು ನಿರ್ಣಯಿಸಲು ಮನುಷ್ಯನು ಕಣ್ಣನ್ನು ಬಿಟ್ಟು ರಕ್ತದ ಕಡೆಗೆ ಹೇಗೆ ತಿರುಗಿದನು, ರಕ್ತವು ಅವನಿಗೆ ಏನನ್ನು ಹೇಳಿತು, ಏನನ್ನು ಹೇಳಲಾರದೆ ಹೋಯಿತು ಎಂಬುದನ್ನು ಪ್ರಕೃತ ಲೇಖನದಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ. ನಾವು ವೈದ್ಯರಲ್ಲ, ಚರಿತ್ರೆಯ ವಿದ್ಯಾರ್ಥಿಗಳು. ಆದರೂ ಅಳತೆ ಎಂಬುದಕ್ಕೂ ಒಂದು ಚರಿತ್ರೆಯಿದೆ. ಅದನ್ನು ತಿಳಿಯದೆ ಅಳತೆಯನ್ನು ನಂಬುವುದಾಗಲಿ ತಳ್ಳಿಹಾಕುವುದಾಗಲಿ ಸರಿಯಲ್ಲವೆಂದು ನಾವು ಭಾವಿಸುತ್ತೇವೆ.

ಮೊದಲಿಗೆ ನಮ್ಮ ದೇಶದ ಪ್ರಾಚೀನ ವೈದ್ಯಶಾಸ್ತ್ರ. ಚರಕಸಂಹಿತೆಯು ಕುಷ್ಠಗಳನ್ನು ೭ ಮಹಾಕುಷ್ಠಗಳೆಂದೂ ೧೧ ಕ್ಷುದ್ರಕುಷ್ಠಗಳೆಂದೂ ಒಟ್ಟು ೧೮ ಬಗೆಯಾಗಿ ವಿಭಾಗಿಸುತ್ತದೆ. ಇಲ್ಲಿ ಕುಷ್ಠವೆಂದರೆ ಇಂದು ನಾವು ತಿಳಿಯುವ ಒಂದೇ ರೋಗವಲ್ಲ. ಚರ್ಮವನ್ನು ವಿರೂಪಗೊಳಿಸುವ ವ್ಯಾಧಿಗಳ ಒಂದು ಕುಲವೇ ಆ ಹೆಸರಿನಲ್ಲಿ ಅಡಗಿದೆ. ಬೆವರಿಲ್ಲದ, ವಿಸ್ತಾರವಾದ ನೆಲೆಯುಳ್ಳ, ಮೀನಿನ ಹುರುಪೆಯನ್ನು ಹೋಲುವ ಏಕಕುಷ್ಠವೇ ಇಂದಿನ ಸೋರಿಯಾಸಿಸ್ ಎಂದು ಅನೇಕ ವಿದ್ವಾಂಸರು ಗುರುತಿಸಿದ್ದಾರೆ. ಕಿಟಿಭವನ್ನು ಹೆಸರಿಸುವವರೂ ಉಂಟು. ಈ ಸಮೀಕರಣಗಳನ್ನು ಪೂರ್ಣವಾಗಿ ಒಪ್ಪಲು ನಮಗೆ ಸಂಕೋಚವಿದೆ, ಏಕೆಂದರೆ ಎರಡು ಶಾಸ್ತ್ರಗಳು ದೇಹವನ್ನು ಕಂಡ ರೀತಿ ಬೇರೆಬೇರೆ. ಗಮನಿಸತಕ್ಕ ಸಂಗತಿ ಮತ್ತೊಂದಿದೆ. ಕುಷ್ಠದ ಉತ್ಪತ್ತಿಗೆ ಕಾರಣವಾದ ಏಳು ದ್ರವ್ಯಗಳನ್ನು ಹೇಳುವಾಗ ಚರಕನು ಮೂರು ದೋಷಗಳೊಡನೆ ತ್ವಕ್ಕು, ಮಾಂಸ, ರಕ್ತ, ಲಸಿಕೆ ಇವುಗಳನ್ನು ಎಣಿಸುತ್ತಾನೆ. ಸುಶ್ರುತನಾದರೋ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬೆಳೆಯುವ ಮರದ ಬೇರು ನೆಲದೊಳಕ್ಕೆ ಇಳಿಯುವಂತೆ ಈ ರೋಗವು ಧಾತುವಿನಿಂದ ಧಾತುವಿಗೆ ಇಳಿಯುತ್ತದೆಂದೂ, ತ್ವಕ್ಕು ರಕ್ತ ಮಾಂಸಗಳಲ್ಲಿ ನಿಂತಿರುವ ತನಕ ಸಾಧ್ಯವೆಂದೂ, ಮೇದಸ್ಸಿಗೆ ಇಳಿದರೆ ಯಾಪ್ಯವೆಂದೂ, ಅದನ್ನು ಮೀರಿದರೆ ಅಸಾಧ್ಯವೆಂದೂ ಹೇಳುತ್ತಾನೆ. ಉಗ್ರತೆಯೆಂದರೆ ಮೇಲ್ಮೈಯ ವಿಸ್ತಾರವಲ್ಲ, ಆಳ ಎಂಬ ಕಲ್ಪನೆ ಇಲ್ಲಿ ಸ್ಪಷ್ಟವಾಗಿದೆ. ಆದರೆ ರೋಗವು ರಕ್ತಕ್ಕೆ ಇಳಿದಿದೆಯೇ ಎಂಬುದನ್ನು ಪ್ರಾಚೀನ ವೈದ್ಯನು ರಕ್ತವನ್ನು ನೋಡಿ ತಿಳಿಯುತ್ತಿರಲಿಲ್ಲ. ಹೊರಗಿನ ಚಿಹ್ನೆಗಳಿಂದಲೇ ಊಹಿಸಿ, ಬಳಿಕ ಜಿಗಣೆಯಿಂದಲೋ ಸಿರೆಯನ್ನು ಬಿಡಿಸಿಯೋ ರಕ್ತಮೋಕ್ಷಣ ಮಾಡುತ್ತಿದ್ದನು. ಹರಿದುಹೋದ ರಕ್ತವು ಚಿಕಿತ್ಸೆಯ ಅಂಗವಾಗಿತ್ತೇ ಹೊರತು ಪರೀಕ್ಷೆಯ ವಸ್ತುವಾಗಿರಲಿಲ್ಲ. ಕರ್ಣಾಟಕದಲ್ಲಿ ಉಗ್ರಾದಿತ್ಯನ ಸಂಸ್ಕೃತ ಕಲ್ಯಾಣಕಾರಕ, ೧೨ನೆಯ ಶತಮಾನದ ಜಗದ್ದಳ ಸೋಮನಾಥನ ಕನ್ನಡ ಕೃತಿ ಮುಂತಾದವುಗಳಿಂದ ಬೆಳೆದುಬಂದ ವೈದ್ಯಪರಂಪರೆಯೂ ಈ ದೋಷಧಾತುಗಳ ಚೌಕಟ್ಟಿಗೇ ಸೇರಿದುದು.

ಯೂರೋಪಿನಲ್ಲಿಯೂ ಕಣ್ಣಿನ ತೀರ್ಪು ದೀರ್ಘಕಾಲ ಗೊಂದಲವನ್ನೇ ಬೆಳೆಸಿತು. ಗ್ರೀಕರ ಲೆಪ್ರಾ ಎಂಬ ಪದಕ್ಕೆ ಹೊಟ್ಟು ಏಳುವ ಚರ್ಮರೋಗವೆಂದಷ್ಟೇ ಅರ್ಥವಿದ್ದಿತು. ಆ ಪದವೇ ಮುಂದೆ ಕುಷ್ಠಕ್ಕೂ ಅಂಟಿಕೊಂಡದ್ದರಿಂದ ಎರಡು ರೋಗಗಳು ಒಂದೇ ಹೆಸರಿನಲ್ಲಿ ಸಿಕ್ಕಿಬಿದ್ದವು. ಲಂಡನ್ನಿನ ರಾಬರ್ಟ್ ವಿಲ್ಲನ್ ೧೮೦೮ರ ತನ್ನ ಗ್ರಂಥದಲ್ಲಿ ಸೋರಿಯಾಸಿಸ್ಸನ್ನು ಖಚಿತವಾಗಿ ವರ್ಣಿಸಿದರೂ ಲೆಪ್ರಾ ಎಂಬ ಹೆಸರನ್ನು ಅದರ ಒಂದು ರೂಪಕ್ಕೆ ಉಳಿಸಿಕೊಂಡನು. ವಿಯೆನ್ನಾದ ಫರ್ಡಿನಾಂಡ್ ಹೆಬ್ರಾ ೧೮೪೧ರಲ್ಲಿ ಆ ಹೆಸರನ್ನು ಕಿತ್ತುಹಾಕಿದ ಮೇಲೆಯೇ ಎರಡು ವ್ಯಾಧಿಗಳು ಬೇರ್ಪಟ್ಟವು. ೧೮೭೩ರಲ್ಲಿ ನಾರ್ವೆಯ ಹ್ಯಾನ್ಸನ್ನನು ಕುಷ್ಠದ ಸೂಕ್ಷ್ಮಜೀವಿಯನ್ನು ಕಂಡುಹಿಡಿದನು. ಸೋರಿಯಾಸಿಸ್ಸಿಗೆ ಅಂತಹ ಜೀವಿ ಯಾವುದೂ ಇಲ್ಲ, ಅದು ಅಂಟುರೋಗವೂ ಅಲ್ಲ.

ಗ್ರಂಥದಲ್ಲಿ ಬೇರ್ಪಟ್ಟ ರೋಗಗಳು ಜನರ ಮನಸ್ಸಿನಲ್ಲಿ ಅಷ್ಟು ಬೇಗ ಬೇರ್ಪಡುವುದಿಲ್ಲ. ಭಾರತದಲ್ಲಿ ೧೮೯೮ರ ಕುಷ್ಠರೋಗಿಗಳ ಕಾಯಿದೆಯು ರೋಗಿಗಳ ಪ್ರತ್ಯೇಕವಾಸಕ್ಕೆ ಅವಕಾಶ ಮಾಡಿಕೊಟ್ಟಿತು; ಅದು ರದ್ದಾದದ್ದು ೨೦೧೬ರಲ್ಲಿ. ಕುಷ್ಠವನ್ನು ವಿವಾಹವಿಚ್ಛೇದನಕ್ಕೆ ಕಾರಣವೆಂದು ಎಣಿಸುತ್ತಿದ್ದ ಕಲಮುಗಳು ೨೦೧೯ರವರೆಗೆ ನಮ್ಮ ವೈಯಕ್ತಿಕ ಕಾನೂನುಗಳಲ್ಲಿ ಉಳಿದಿದ್ದವು. ಕುಷ್ಠರೋಗಿಗೇ ಅನ್ಯಾಯವಾದ ಈ ವ್ಯವಸ್ಥೆಯ ನೆರಳಿನಲ್ಲಿ, ಕುಷ್ಠವಿಲ್ಲದ ಆದರೆ ಮೊಣಕೈ ಮೊಣಕಾಲುಗಳಲ್ಲಿ ಹೊಟ್ಟೇಳುವ ಮಚ್ಚೆಯುಳ್ಳ ಒಬ್ಬ ಹೆಣ್ಣುಮಗಳ ಸ್ಥಿತಿ ಏನಾಗಿರಬಹುದೆಂಬುದನ್ನು ಓದುಗರೇ ಊಹಿಸಬಹುದು. ಕುಷ್ಠದ ಮಚ್ಚೆಯಲ್ಲಿ ಸ್ಪರ್ಶಜ್ಞಾನ ಕುಂದುತ್ತದೆ, ಸೋರಿಯಾಸಿಸ್ಸಿನ ಮಚ್ಚೆಯಲ್ಲಿ ಅದು ಉಳಿದಿರುತ್ತದೆ. ಹತ್ತಿಯ ಎಳೆಯೊಂದರಿಂದ ತಿಳಿಯಬಹುದಾದ ವ್ಯತ್ಯಾಸವಿದು. ಆದರೆ ಜಾತ್ರೆಯಲ್ಲಿಯೋ ಮದುವೆಯ ಪಂಕ್ತಿಯಲ್ಲಿಯೋ ಪಕ್ಕದಲ್ಲಿ ಕುಳಿತವರು ಹತ್ತಿಯ ಎಳೆಯನ್ನು ಹಿಡಿದು ಕುಳಿತಿರುವುದಿಲ್ಲ.

ಈಗ ರಕ್ತಕ್ಕೆ ಬರೋಣ. ಈ ನಾಲ್ಕು ತಾಲ್ಲೂಕುಗಳ ಪ್ರದೇಶದಲ್ಲಿ ರಕ್ತವನ್ನು ನೋಡಿ ರೋಗವನ್ನು ಅಳೆಯುವ ಪದ್ಧತಿಗೆ ದಾರಿಯನ್ನು ತೆರೆದದ್ದು ಚರ್ಮರೋಗವಲ್ಲ, ಚಳಿಜ್ವರ. ಶ್ರೀರಂಗಪಟ್ಟಣದ ಜ್ವರ ಕುಪ್ರಸಿದ್ಧವಾದುದು. ೧೭೯೯ರ ಅನಂತರ ದ್ವೀಪದಲ್ಲಿ ನೆಲೆಸಿದ ಇಂಗ್ಲಿಷರ ದಂಡು ಜ್ವರಕ್ಕೆ ಸೋತು ೧೮೦೯ರ ಸುಮಾರಿಗೆ ಬೆಂಗಳೂರಿಗೆ ಸ್ಥಳಾಂತರಗೊಂಡಿತು. ಆ ಕಾಲದಲ್ಲಿ ಮಲೇರಿಯದ ಉಗ್ರತೆಗೆ ಹೊರಗಿನ ಕುರುಹೇ ಗತಿ. ೧೮೪೦ರ ದಶಕದಲ್ಲಿ ಡೆಂಪ್‌ಸ್ಟರ್ ಎಂಬ ವೈದ್ಯನು ಯಮುನಾ ಕಾಲುವೆಗಳ ಸೀಮೆಯಲ್ಲಿ ಜನರ ಹೊಟ್ಟೆಯನ್ನು ಮುಟ್ಟಿ, ಗುಲ್ಮ ಬೆಳೆದವರ ಸಂಖ್ಯೆಯಿಂದ ಊರಿನ ಜ್ವರವನ್ನು ಅಳೆಯುವ ಕ್ರಮವನ್ನು ರೂಢಿಗೆ ತಂದನು. ೧೮೮೦ರಲ್ಲಿ ಲಾವೆರಾನ್ ರಕ್ತದಲ್ಲಿ ಪರೋಪಜೀವಿಯನ್ನು ಕಂಡನು. ೧೮೯೫ರಲ್ಲಿ ಬೆಂಗಳೂರಿಗೆ ಕಾಲರಾ ಕಾರ್ಯಕ್ಕೆಂದು ಬಂದ ರೊನಾಲ್ಡ್ ರಾಸ್ ೧೮೯೭ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಪಾತ್ರವನ್ನು ತೋರಿಸಿಕೊಟ್ಟನು. ಕೃಷ್ಣರಾಜಸಾಗರದ ನೀರು ಕಾಲುವೆಯಲ್ಲಿ ಹರಿದು ಮಂಡ್ಯದ ಸೀಮೆ ಗದ್ದೆಯಾದಾಗ ಜ್ವರವೂ ಜೊತೆಗೆ ಹರಡಿತು. ಮೈಸೂರು ಸರ್ಕಾರವು ೧೯೩೦ರ ಆಸುಪಾಸಿನಲ್ಲಿ ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಮಂಡ್ಯದ ಸುತ್ತ ಆರೋಗ್ಯಕಾರ್ಯವನ್ನೂ ಮಲೇರಿಯ ಸಂಶೋಧನೆಯನ್ನೂ ಕೈಗೊಂಡಿತು. ಬೆರಳಿನ ತುದಿಯನ್ನು ಚುಚ್ಚಿ ಗಾಜಿನ ಮೇಲೆ ಒಂದು ಹನಿಯನ್ನು ಹರಡಿದರೆ ರೋಗವಿದೆಯೇ ಇಲ್ಲವೇ, ಎಷ್ಟಿದೆ ಎಂದು ಹೇಳಬಹುದೆಂಬ ವಿಶ್ವಾಸವನ್ನು ಊರೂರಿಗೆ ಒಯ್ದದ್ದು ಈ ಬಗೆಯ ಕಾರ್ಯ. ಮಲೇರಿಯದಲ್ಲಿ ಈ ವಿಶ್ವಾಸಕ್ಕೆ ಆಧಾರವಿದ್ದಿತು, ಏಕೆಂದರೆ ರೋಗದ ಕಾರಣವೇ ಆ ಹನಿಯಲ್ಲಿ ಕಾಣುತ್ತಿದ್ದಿತು. ಇದನ್ನು ಓದುಗರು ನೆನಪಿನಲ್ಲಿಡಬೇಕು.

ಕಾರಣವು ಕಾಣದಿದ್ದಾಗಲೂ ರಕ್ತವು ರೋಗದ ಪ್ರಮಾಣವನ್ನು ಸೂಚಿಸಬಲ್ಲುದೆಂಬ ಕಲ್ಪನೆ ಬೇರೊಂದು ಮೂಲದಿಂದ ಬಂದಿತು. ೧೮೯೭ರಲ್ಲಿ ಪೋಲೆಂಡಿನ ಬಿಯೆರ್ನಾಟ್ಸ್ಕಿ, ೧೯೧೮ರಲ್ಲಿ ಸ್ವೀಡನ್ನಿನ ಫೋರಿಯಸ್, ೧೯೨೧ರಲ್ಲಿ ವೆಸ್ಟರ್‌ಗ್ರೆನ್ ಇವರು, ನಳಿಕೆಯಲ್ಲಿ ನಿಲ್ಲಿಸಿದ ರಕ್ತದ ಕೆಂಪುಕಣಗಳು ಒಂದು ಗಂಟೆಯಲ್ಲಿ ಎಷ್ಟು ಮಿಲಿಮೀಟರು ಕೆಳಗಿಳಿಯುತ್ತವೆ ಎಂಬುದನ್ನು ಅಳೆದು, ದೇಹದಲ್ಲಿ ಉರಿಯೂತವಿದ್ದಾಗ ಆ ವೇಗ ಹೆಚ್ಚುವುದೆಂದು ತೋರಿಸಿದರು. ತಾಲ್ಲೂಕು ಆಸ್ಪತ್ರೆಗಳಲ್ಲಿ ಇಂದಿಗೂ ಇ.ಎಸ್.ಆರ್. ಎಂದು ಬರೆದುಕೊಡುವ ಪರೀಕ್ಷೆ ಇದೇ. ೧೯೩೦ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬುವರು ನ್ಯೂಮೋನಿಯ ರೋಗಿಗಳ ರಕ್ತದಲ್ಲಿ ಒಂದು ವಿಚಿತ್ರ ಪದಾರ್ಥವನ್ನು ಕಂಡರು. ರೋಗ ಏರಿದಾಗ ಅದು ಕಾಣಿಸಿಕೊಂಡು, ಇಳಿದಾಗ ಮರೆಯಾಗುತ್ತಿದ್ದಿತು. ಅದಕ್ಕೆ ಮುಂದೆ ಸಿ-ರಿಯಾಕ್ಟಿವ್ ಪ್ರೋಟೀನ್ ಎಂಬ ಹೆಸರಾಯಿತು. ಒಬ್ಬನೇ ಧನಿಕನ ಸಂಪತ್ತು ಒಂದೇ ಕಾಲದಲ್ಲಿ ನ್ಯೂಯಾರ್ಕಿನಲ್ಲಿ ಈ ಶೋಧನೆಗೂ ಮಂಡ್ಯದಲ್ಲಿ ಸೊಳ್ಳೆಗಳ ಎಣಿಕೆಗೂ ಒದಗಿದ್ದು ಚರಿತ್ರೆಯ ಸಣ್ಣ ಸ್ವಾರಸ್ಯಗಳಲ್ಲೊಂದು.

ಚರ್ಮರೋಗಗಳ ಪೈಕಿ ರಕ್ತದ ಸಾಕ್ಷ್ಯ ನಿಜವಾಗಿ ಫಲಿಸಿದ್ದು ಪೆಂಫಿಗಸ್ ಎಂಬ ಬೊಕ್ಕೆಯ ರೋಗದಲ್ಲಿ. ದೇಹವು ತನ್ನ ಮೇಲೆಯೇ ಆಯುಧವನ್ನೆತ್ತಲಾರದೆಂದು ೧೯೦೧ರಲ್ಲಿ ಪಾಲ್ ಎರ್ಲಿಕ್ ಸಾರಿದ್ದನು. ಅವನ ಮಾತಿನ ಪ್ರಭಾವದಿಂದ ಸ್ವಪ್ರತಿರಕ್ಷಾ ವ್ಯಾಧಿಗಳ ಕಲ್ಪನೆ ಅರ್ಧಶತಮಾನ ಹಿಂದೆ ಬಿದ್ದಿತು. ೧೯೪೮ರಲ್ಲಿ ಹಾರ್‌ಗ್ರೇವ್ಸ್ ಲೂಪಸ್ ರೋಗದಲ್ಲಿ ವಿಶಿಷ್ಟ ಕಣವೊಂದನ್ನು ಗುರುತಿಸಿದನು. ೧೯೫೬ರಲ್ಲಿ ಅಮೆರಿಕದ ಬಫಲೋ ನಗರದಲ್ಲಿ ರೋಸ್ ಮತ್ತು ವಿಟೆಬ್ಸ್ಕಿ ಮೊಲಗಳಲ್ಲಿ ಈ ಬಗೆಯ ವ್ಯಾಧಿಯನ್ನು ಉಂಟುಮಾಡಿ ತೋರಿಸಿದರು. ಅದೇ ಬಫಲೋದಲ್ಲಿ ೧೯೬೪ರಲ್ಲಿ ಬ್ಯೂಟ್ನರ್ ಮತ್ತು ಜೋರ್ಡನ್ ಎಂಬುವರು ಪೆಂಫಿಗಸ್ ರೋಗಿಯ ರಕ್ತರಸದಲ್ಲಿ ಚರ್ಮದ ಕಣಗಳ ನಡುವಣ ಬೆಸುಗೆಗೆ ಅಂಟಿಕೊಳ್ಳುವ ಪ್ರತಿಕಾಯಗಳನ್ನು ಕಂಡರು. ೧೯೯೧ರಲ್ಲಿ ಜಪಾನಿನ ಅಮಗಾಯಿಯೂ ಅವನ ಸಹೋದ್ಯೋಗಿಗಳೂ ಆ ಬೆಸುಗೆಯ ಪದಾರ್ಥ ಡೆಸ್ಮೊಗ್ಲೈನ್ ಜಾತಿಯದೆಂದು ನಿರ್ಧರಿಸಿದರು. ರಕ್ತದಲ್ಲಿ ಈ ಪ್ರತಿಕಾಯದ ಪ್ರಮಾಣ ಏರಿದರೆ ಸಾಧಾರಣವಾಗಿ ಬೊಕ್ಕೆಗಳೂ ಹೆಚ್ಚುತ್ತವೆ, ಇಳಿದರೆ ಕಡಮೆಯಾಗುತ್ತವೆ. ಇಲ್ಲಿ ಮಲೇರಿಯದಲ್ಲಿದ್ದಂತೆಯೇ ರೋಗದ ಕಾರಣವೇ ರಕ್ತದಲ್ಲಿ ಓಡಾಡುತ್ತಿದೆ. ಅಳತೆಯು ನಂಬಿಕೆಗೆ ಅರ್ಹವಾದದ್ದು ಈ ಕಾರಣದಿಂದ.

ಸೋರಿಯಾಸಿಸ್ಸಿನ ಕಥೆ ಹೀಗೆ ನೇರವಾದುದಲ್ಲ. ಬಹುಕಾಲ ಅದನ್ನು ಚರ್ಮದ ಹೊರಪದರದ ರೋಗವೆಂದೇ ತಿಳಿಯಲಾಗಿತ್ತು, ಚಿಕಿತ್ಸೆಯೂ ಹೊರಗಿನಿಂದಲೇ. ಬ್ರೆಜಿಲ್ ದೇಶದ ಮರವೊಂದರ ಪುಡಿ ಪೋರ್ಚುಗೀಸರ ಮೂಲಕ ನಮ್ಮ ಪಶ್ಚಿಮ ಕರಾವಳಿಗೆ ಬಂದು, ಗೋವಾ ಪುಡಿಯೆಂದು ಹೆಸರಾಗಿ, ಹುಳುಕಡ್ಡಿಗೆ ಮದ್ದಾಗಿ ಮಾರಾಟವಾಗುತ್ತಿದ್ದಿತು. ಲಂಡನ್ನಿನ ಬಾಲ್ಮನೊ ಸ್ಕ್ವೈರ್ ೧೮೭೦ರ ದಶಕದಲ್ಲಿ ಅದನ್ನು ಸೋರಿಯಾಸಿಸ್ಸಿಗೆ ಬಳಸಿ ಗುಣವನ್ನು ಕಂಡನು. ೧೯೧೬ರಲ್ಲಿ ಜರ್ಮನಿಯಲ್ಲಿ ಸಿದ್ಧವಾದ ಡಿಥ್ರನಾಲ್ ಆ ಪುಡಿಯ ಸಾರವನ್ನೇ ಅನುಸರಿಸಿದ ಕೃತಕ ದ್ರವ್ಯ. ಒಳಗಿನಿಂದ ಗುಣಪಡಿಸುವ ಮದ್ದುಗಳು ದೊರೆತದ್ದು ಆಕಸ್ಮಿಕವಾಗಿ. ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್ ಅವರ ನೇತೃತ್ವದಲ್ಲಿ ಅಮೆರಿಕದ ಲೆಡರ್ಲೆ ಪ್ರಯೋಗಶಾಲೆಯಲ್ಲಿ ತಯಾರಾದ ಅಮಿನೊಪ್ಟರಿನ್ ರಕ್ತದ ಅರ್ಬುದಕ್ಕೆ ಉಪಯೋಗವಾದ ಮೇಲೆ, ೧೯೫೧ರಲ್ಲಿ ಗುಬ್ನರನು ಅದನ್ನು ಸಂಧಿವಾತಕ್ಕೆ ಕೊಟ್ಟು ನೋಡುವಾಗ ರೋಗಿಯ ಮೈಮೇಲಿನ ಸೋರಿಯಾಸಿಸ್ ಮಾಯವಾದುದನ್ನು ಕಂಡನು. ಅದರ ಸೋದರ ದ್ರವ್ಯವಾದ ಮೆಥೊಟ್ರೆಕ್ಸೇಟ್ ಇಂದಿಗೂ ನಮ್ಮ ಆಸ್ಪತ್ರೆಗಳಲ್ಲಿ ಈ ರೋಗಕ್ಕೆ ಮುಖ್ಯ ಔಷಧ. ೧೯೭೯ರಲ್ಲಿ ಸೈಕ್ಲೊಸ್ಪೊರಿನ್ ಎಂಬ, ದೇಹದ ರಕ್ಷಣಾಶಕ್ತಿಯನ್ನು ಕುಗ್ಗಿಸುವ ಔಷಧದಿಂದಲೂ ಮಚ್ಚೆಗಳು ಹೋದುವು. ರೋಗದ ಮೂಲ ಚರ್ಮದಲ್ಲಿಲ್ಲ, ರಕ್ಷಣಾವ್ಯವಸ್ಥೆಯ ಬಿಳಿಕಣಗಳಲ್ಲಿದೆ ಎಂಬ ಅಭಿಪ್ರಾಯಕ್ಕೆ ಇದರಿಂದ ಬಲ ಬಂದಿತು. ಅಂದಿನಿಂದ ಸೋರಿಯಾಸಿಸ್ ಚರ್ಮದ ರೋಗ ಮಾತ್ರವಾಗಿ ಉಳಿಯಲಿಲ್ಲ. ೨೦೧೩ರಲ್ಲಿ ಬೆಂಗಳೂರಿನ ಬಯೋಕಾನ್ ಸಂಸ್ಥೆಯು ಕ್ಯೂಬಾದ ವಿಜ್ಞಾನಿಗಳೊಡನೆ ರೂಪಿಸಿದ ಇಟೋಲಿಜುಮ್ಯಾಬ್ ಔಷಧವನ್ನು ಈ ವ್ಯಾಧಿಗೆಂದೇ ಹೊರತಂದಿತು. ಅದೂ ಬಿಳಿಕಣಗಳ ಮೇಲೆಯೇ ಪ್ರಯೋಗವಾಗತಕ್ಕದ್ದು. ಇಷ್ಟಾದರೂ ಪೆಂಫಿಗಸ್ಸಿನಲ್ಲಿ ದೊರೆತಂತಹ ಒಂದು ನಿಶ್ಚಿತ ಪ್ರತಿಕಾಯ ಇಲ್ಲಿ ದೊರೆತಿಲ್ಲ. ಇದನ್ನು ಸ್ವಪ್ರತಿರಕ್ಷಾ ವ್ಯಾಧಿಯೆಂದು ನೇರವಾಗಿ ಕರೆಯಲು ಕೆಲವು ವಿದ್ವಾಂಸರು ಹಿಂಜರಿಯುವುದು ಇದರಿಂದಲೇ.

ಔಷಧಗಳು ಬಂದ ಮೇಲೆ ಅವುಗಳ ಗುಣವನ್ನು ಹೋಲಿಸಲು ಅಳತೆ ಬೇಕಾಯಿತು. ೧೯೭೮ರಲ್ಲಿ ಸ್ವೀಡನ್ನಿನ ಫ್ರೆಡ್ರಿಕ್ಸನ್ ಮತ್ತು ಪೆಟರ್ಸನ್ ಎಂಬುವರು ಪಾಸಿ ಎಂದು ಪ್ರಸಿದ್ಧವಾದ ಸೂಚ್ಯಂಕವನ್ನು ರಚಿಸಿದರು. ದೇಹವನ್ನು ತಲೆ, ತೋಳು, ಮುಂಡ, ಕಾಲುಗಳೆಂದು ವಿಭಾಗಿಸಿ, ಅವುಗಳಿಗೆ ಕ್ರಮವಾಗಿ ಶೇಕಡ ೧೦, ೨೦, ೩೦, ೪೦ರ ತೂಕವನ್ನು ಕೊಟ್ಟು, ಪ್ರತಿಯೊಂದರಲ್ಲಿಯೂ ಕೆಂಪು, ದಪ್ಪ, ಹೊಟ್ಟು ಎಂಬ ಮೂರು ಲಕ್ಷಣಗಳಿಗೆ ೦ಯಿಂದ ೪ರವರೆಗೆ ಅಂಕಗಳನ್ನಿತ್ತು, ವ್ಯಾಪ್ತಿಯ ಅಂಕದಿಂದ ಗುಣಿಸಿ ಕೂಡಿಸಿದರೆ ಗರಿಷ್ಠ ೭೨ ಅಂಕಗಳಾಗುತ್ತವೆ. ಪದ್ಧತಿ ಸಮರ್ಪಕವೆಂದು ತೋರಿದರೂ ಅದರ ಹುಟ್ಟೂರನ್ನು ನಾವು ಮರೆಯಬಾರದು. ಸ್ವೀಡನ್ನಿನ ಜನರ ಚರ್ಮದಲ್ಲಿ ಕೆಂಪು ಕೆಂಪಾಗಿಯೇ ಕಾಣುತ್ತದೆ. ನಮ್ಮ ರೈತನ ಎಣ್ಣೆಗಪ್ಪು ಬೆನ್ನಿನ ಮೇಲೆ ಅದೇ ಉರಿಯೂತವು ನೇರಳೆಯಾಗಿಯೋ ಬೂದುಗಪ್ಪಾಗಿಯೋ ಕಾಣುತ್ತದೆ. ಹೊಸಬನಾದ ವೈದ್ಯನು ೩ ಕೊಡಬೇಕಾದ ಕಡೆ ೧ನ್ನು ಕೊಟ್ಟಾನು. ಹೀಗಿರಲಾಗಿ, ಚರ್ಮದ ಬಣ್ಣವನ್ನು ನೋಡದ ಒಂದು ಅಳತೆ ಸಿಕ್ಕುವುದಾದರೆ ಅದರ ಲಾಭವು ಸ್ವೀಡನ್ನಿನವರಿಗಿಂತ ನಮಗೇ ಹೆಚ್ಚು. ರಕ್ತದ ಸೂಚಕಗಳ ಶೋಧನೆ ನಮ್ಮ ದೇಶದ ವೈದ್ಯಕೀಯ ಕಾಲೇಜುಗಳಲ್ಲಿ ಆಸಕ್ತಿಯನ್ನು ಹುಟ್ಟಿಸಿದ್ದಕ್ಕೆ ಇದೂ ಒಂದು ಸಮರ್ಥನೆಯೆಂದು ನಮ್ಮ ಅಭಿಪ್ರಾಯ.

ಆ ಕಾಲೇಜುಗಳು ಈ ನಾಲ್ಕು ತಾಲ್ಲೂಕುಗಳಿಗೆ ಸಮೀಪವಾದದ್ದು ತಡವಾಗಿ. ೧೯೨೪ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮೈಸೂರು ವೈದ್ಯಕೀಯ ಕಾಲೇಜು ೧೯೩೦ರಲ್ಲಿ ಮೈಸೂರಿಗೆ ಬಂದಿತು. ಬಹುಕಾಲ ಶ್ರೀರಂಗಪಟ್ಟಣ, ಪಾಂಡವಪುರಗಳ ರೋಗಿಗೆ ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಯೇ ದೊಡ್ಡಾಸ್ಪತ್ರೆ. ೧೯೮೬ರಲ್ಲಿ ಆದಿಚುಂಚನಗಿರಿ ಮಠದ ಆಶ್ರಯದಲ್ಲಿ ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ವೈದ್ಯಕೀಯ ಕಾಲೇಜು ಸ್ಥಾಪಿತವಾಯಿತು. ಮಳೆಯನ್ನೇ ನಂಬಿ ರಾಗಿಯನ್ನು ಬೆಳೆಯುವ, ದೊಡ್ಡ ನಗರಗಳಿಗೆ ದೂರವಾದ ಸೀಮೆಯಲ್ಲಿ ಪ್ರಯೋಗಶಾಲೆಯೂ ಚರ್ಮರೋಗ ವಿಭಾಗವೂ ಉಳ್ಳ ಆಸ್ಪತ್ರೆ ನಿಂತದ್ದು ಈ ಪ್ರದೇಶದ ಆರೋಗ್ಯಚರಿತ್ರೆಯಲ್ಲಿ ಸಣ್ಣ ಸಂಗತಿಯಲ್ಲ. ಮಂಡ್ಯದ ಸರ್ಕಾರಿ ವೈದ್ಯಕೀಯ ಕಾಲೇಜು ೨೦೦೬ರದು. ಭಾರತದಲ್ಲಿ ಸೋರಿಯಾಸಿಸ್ಸಿನ ಪ್ರಮಾಣ ವಯಸ್ಕರಲ್ಲಿ ಶೇಕಡ ೦.೪೪ರಿಂದ ೨.೮ರ ತನಕ ಇದೆಯೆಂದು ಬೇರೆಬೇರೆ ಗಣನೆಗಳು ಹೇಳುತ್ತವೆ. ಕಡಮೆಯ ಅಂಕಿಯನ್ನೇ ಹಿಡಿದರೂ ಪ್ರತಿ ತಾಲ್ಲೂಕಿನಲ್ಲಿಯೂ ನೂರಾರು ಮಂದಿ ಈ ವ್ಯಾಧಿಯುಳ್ಳವರು ಇರಬೇಕು.

ಯಾವ ಯಾವ ಸೂಚಕಗಳನ್ನು ಪರೀಕ್ಷಿಸಲಾಗಿದೆ? ಇ.ಎಸ್.ಆರ್., ಸಿ-ರಿಯಾಕ್ಟಿವ್ ಪ್ರೋಟೀನ್, ಯೂರಿಕ್ ಆಮ್ಲ, ರಕ್ತದ ಕೊಬ್ಬು, ಡಿ ಜೀವಸತ್ತ್ವ ಇವೆಲ್ಲವನ್ನೂ ಪಾಸಿಯೊಡನೆ ಹೋಲಿಸಿದ್ದಾರೆ. ಇತ್ತೀಚೆಗೆ ಇಂಟರ್‌ಲ್ಯೂಕಿನ್-೧೭ ಮುಂತಾದ ಸಂದೇಶದ್ರವ್ಯಗಳನ್ನೂ, ಚರ್ಮದ ಕಣಗಳಿಂದ ರಕ್ತಕ್ಕೆ ಇಳಿಯುವ ಬೀಟಾ-ಡಿಫೆನ್ಸಿನ್ ೨ ಎಂಬುದನ್ನೂ ಅಳೆಯುತ್ತಾರೆ. ಇವು ದುಬಾರಿ, ತಾಲ್ಲೂಕು ಆಸ್ಪತ್ರೆಗೆ ನಿಲುಕತಕ್ಕವಲ್ಲ. ಎಲ್ಲಕ್ಕಿಂತ ಸುಲಭವಾದುದು ನ್ಯೂಟ್ರೊಫಿಲ್ ಮತ್ತು ಲಿಂಫೊಸೈಟ್ ಎಂಬ ಎರಡು ಬಗೆಯ ಬಿಳಿಕಣಗಳ ಅನುಪಾತ. ೧೮೭೯ರಲ್ಲಿ ಎರ್ಲಿಕ್ಕನು ಕಣಗಳಿಗೆ ಬಣ್ಣ ಕಟ್ಟಿದ ಕಾಲದಿಂದಲೂ ನಡೆದುಬಂದ ಸಾಮಾನ್ಯ ಎಣಿಕೆಯಿಂದಲೇ ಇದನ್ನು ಭಾಗಾಕಾರ ಮಾಡಿ ಪಡೆಯಬಹುದು, ಬೇರೆ ಖರ್ಚಿಲ್ಲ. ರೋಗಿಗಳ ಗುಂಪಿನಲ್ಲಿ ಈ ಅನುಪಾತವೂ ಸಿ-ರಿಯಾಕ್ಟಿವ್ ಪ್ರೋಟೀನೂ ಆರೋಗ್ಯವಂತರಿಗಿಂತ ಸರಾಸರಿ ಹೆಚ್ಚಾಗಿರುತ್ತವೆ ಎಂಬುದು ಅನೇಕ ದೇಶಗಳ ಪರೀಕ್ಷೆಗಳಿಂದ ದೃಢಪಟ್ಟಿದೆ.

ಸರಾಸರಿ ಎಂಬ ಮಾತಿನಲ್ಲಿಯೇ ತೊಡಕಿದೆ. ನೂರು ಮಂದಿ ರೋಗಿಗಳನ್ನು ಸಾಲಾಗಿ ನಿಲ್ಲಿಸಿದರೆ ಉಗ್ರರೋಗಿಗಳ ಕಡೆ ಅಂಕಿ ತುಸು ಮೇಲಕ್ಕೆ ವಾಲಬಹುದು. ಆದರೆ ಅವರಲ್ಲಿ ಯಾರಾದರೊಬ್ಬರನ್ನು ಕರೆದು, ರಕ್ತದ ಅಂಕಿಯನ್ನು ಮಾತ್ರ ನೋಡಿ, ನಿಮ್ಮ ರೋಗ ಇಷ್ಟು ಉಗ್ರವೆಂದು ಹೇಳಲಾಗುವುದಿಲ್ಲ. ಸಿ-ರಿಯಾಕ್ಟಿವ್ ಪ್ರೋಟೀನ್ ಯಕೃತ್ತಿನಲ್ಲಿ ಹುಟ್ಟತಕ್ಕದ್ದು, ಚರ್ಮದಲ್ಲಲ್ಲ. ಅದು ನೆಗಡಿಗೂ ಏರುತ್ತದೆ, ಹುಳುಕು ಹಲ್ಲಿಗೂ ಏರುತ್ತದೆ, ಬೊಜ್ಜಿಗೂ ಏರುತ್ತದೆ. ಬಿಳಿಕಣಗಳ ಅನುಪಾತ ಒಂದು ವಾರದ ಜ್ವರದಿಂದ ತಲೆಕೆಳಗಾಗುತ್ತದೆ. ಗದ್ದೆಯಲ್ಲಿ ಬರಿಗಾಲಿನಲ್ಲಿ ದುಡಿಯುವ, ಕಾಲಿನ ಗಾಯ ಕೀವಾದರೂ ಕೆಲಸ ಬಿಡದ ಜನರಲ್ಲಿ ಇಂತಹ ಅಂಕಿಗಳನ್ನು ಓದುವಾಗ ಎಚ್ಚರ ಇಮ್ಮಡಿಯಾಗಬೇಕು. ಪೆಂಫಿಗಸ್ಸಿನಲ್ಲಿ ರಕ್ತವು ಕಣ್ಣಾರೆ ಕಂಡ ಸಾಕ್ಷಿ. ಸೋರಿಯಾಸಿಸ್ಸಿನಲ್ಲಿ ಊರಿನಲ್ಲಿ ಗಲಾಟೆಯಾಯಿತೆಂದು ಕೇಳಿದ ಸಾಕ್ಷಿ. ಯಾರ ಮನೆಯಲ್ಲಿ, ಎಷ್ಟು ಎಂಬುದನ್ನು ಅದು ಹೇಳಲಾರದು. ಈ ಅಂತರವನ್ನು ಗಮನಿಸದೆ ಎರಡನ್ನೂ ಸೂಚಕವೆಂಬ ಒಂದೇ ಪದದಿಂದ ಕರೆಯುವುದು ಇಂದಿನ ಬರವಣಿಗೆಯ ದೋಷವೆಂದೇ ನಮಗೆ ತೋರುತ್ತದೆ.

ಇದಕ್ಕಿಂತ ಮುಖ್ಯವಾದ ಆಕ್ಷೇಪಣೆಯೊಂದಿದೆ. ಅಂಗೈ ಅಂಗಾಲುಗಳಿಗೆ ಮಾತ್ರ ಬರುವ ಸೋರಿಯಾಸಿಸ್ ಒಂದುಂಟು. ಬೆರಳುಗಳೂ ಸೇರಿದ ಒಂದು ಅಂಗೈ ದೇಹದ ಮೇಲ್ಮೈಯ ಸುಮಾರು ನೂರನೆಯ ಒಂದು ಪಾಲು. ಎರಡೂ ಅಂಗೈಗಳು ಬಿರಿದು ರಕ್ತ ಒಸರಿದರೂ ಪಾಸಿಯ ಲೆಕ್ಕದಲ್ಲಿ ಅದು ಅಲ್ಪರೋಗ. ರಕ್ತಪರೀಕ್ಷೆಯ ಅಂಕಿಗಳೂ ಹಲವೊಮ್ಮೆ ಆರೋಗ್ಯವಂತರ ಮಿತಿಯಲ್ಲಿಯೇ ಇರುತ್ತವೆ. ಆದರೆ ಪಾಂಡವಪುರದ ಕಬ್ಬಿನ ಗದ್ದೆಯಲ್ಲಿ ಮಚ್ಚು ಹಿಡಿಯುವವನಿಗೆ, ಕೃಷ್ಣರಾಜಪೇಟೆಯ ಸೀಮೆಯಲ್ಲಿ ನಾಟಿಗೆ ಇಳಿಯುವ ಹೆಂಗಸಿಗೆ, ಲೋಹದ ಕೆಲಸಕ್ಕೆ ಹೆಸರಾದ ನಾಗಮಂಗಲದಲ್ಲಿ ಪಾತ್ರೆ ತಟ್ಟುವವನಿಗೆ ಇದು ಕೂಲಿಯನ್ನೇ ಕಸಿಯುವ ರೋಗ. ಇನ್ನೊಂದು ವಿಷಯವನ್ನೂ ಇಲ್ಲಿಯೇ ಹೇಳಬೇಕು. ಗಾಯವಾದ ಕಡೆ ಹೊಸ ಮಚ್ಚೆ ಹುಟ್ಟುವುದೆಂದು ಜರ್ಮನಿಯ ಕೋಬ್ನರನು ೧೮೭೦ರ ದಶಕದಲ್ಲಿ ತೋರಿಸಿದನು. ಕಬ್ಬಿನ ಗರಿಯ ಅಂಚು ತೋಳನ್ನು ಎಷ್ಟು ಗೀರುತ್ತದೆಂಬುದು ಆ ಗದ್ದೆಗೆ ಇಳಿದವರಿಗೆಲ್ಲ ಗೊತ್ತು. ಕಸುಬೇ ರೋಗವನ್ನು ಹರಡುತ್ತಿರುವಾಗ ಕಸುಬನ್ನು ಲೆಕ್ಕಕ್ಕೆ ತಾರದ ಅಳತೆ ಅಪೂರ್ಣವಾದುದು. ೧೯೯೪ರಲ್ಲಿ ಕಾರ್ಡಿಫಿನ ಫಿನ್ಲೆ ಮತ್ತು ಖಾನ್ ಹತ್ತು ಪ್ರಶ್ನೆಗಳ ಒಂದು ಪಟ್ಟಿಯನ್ನು ಸಿದ್ಧಪಡಿಸಿದರು. ಕೆಲಸಕ್ಕೆ ಅಡ್ಡಿಯಾಯಿತೆ, ಬಟ್ಟೆ ಉಡುವುದಕ್ಕೆ ಸಂಕೋಚವಾಯಿತೆ, ನಾಲ್ಕು ಜನರ ನಡುವೆ ಹೋಗಲು ತೊಂದರೆಯಾಯಿತೆ ಎಂಬಂತಹ ವಿಚಾರಗಳಿಗೆ ರೋಗಿಯೇ ಅಂಕವನ್ನು ಕೊಡುವ, ಒಟ್ಟು ೩೦ ಅಂಕಗಳ ಕ್ರಮ ಅದು. ಮುಂದೆ ಫಿನ್ಲೆಯು, ಪಾಸಿ ಹತ್ತನ್ನು ಮೀರಿದರೆ, ಅಥವಾ ವ್ಯಾಪ್ತಿ ಶೇಕಡ ಹತ್ತನ್ನು ಮೀರಿದರೆ, ಅಥವಾ ರೋಗಿಯ ಅಂಕ ಹತ್ತನ್ನು ಮೀರಿದರೆ, ಈ ಮೂರರಲ್ಲಿ ಯಾವುದೊಂದಾದರೂ ಸಾಕು, ರೋಗ ಉಗ್ರವೆಂದು ಎಣಿಸತಕ್ಕದ್ದೆಂದು ಸೂಚಿಸಿದನು. ಅಂಗೈಯ ರೋಗಿಗೆ ನ್ಯಾಯ ದೊರೆಯುವುದು ಮೂರನೆಯದರಿಂದ. ಅದಕ್ಕೆ ಸೂಜಿಯೂ ಬೇಡ, ನಳಿಕೆಯೂ ಬೇಡ. ಅವನನ್ನು ಕೇಳುವ ವ್ಯವಧಾನ ಬೇಕು.

ಹಾಗಾದರೆ ರಕ್ತಪರೀಕ್ಷೆ ನಿಷ್ಪ್ರಯೋಜಕವೆ? ಹಾಗೆ ಹೇಳುವುದು ಅತಿರೇಕವಾದೀತು. ಬಾಲಕರಲ್ಲಿ ಗಂಟಲುನೋವಿನ ಬೆನ್ನಿಗೆ ಮೈತುಂಬ ಹನಿಹನಿಯಾಗಿ ಏಳುವ ಬಗೆಯಲ್ಲಿ, ಸ್ಟ್ರೆಪ್ಟೊಕಾಕಸ್ ಜೀವಿಯ ಹೆಜ್ಜೆಗುರುತು ರಕ್ತದಲ್ಲಿ ಸಿಕ್ಕುತ್ತದೆ. ಮೈಯೆಲ್ಲ ಕೆಂಪೇರಿ ಹೊಟ್ಟು ಸುರಿಯುವ ಅಪಾಯದ ರೂಪದಲ್ಲಿ ರಕ್ತದ ಪ್ರೋಟೀನು, ಲವಣಗಳ ಪರೀಕ್ಷೆ ಪ್ರಾಣವನ್ನು ಉಳಿಸಬಲ್ಲದು. ಕೀಲುಗಳಿಗೆ ರೋಗ ಇಳಿದಿರಬಹುದೆಂಬ ಸಂಶಯವನ್ನು ಇ.ಎಸ್.ಆರ್. ಎಬ್ಬಿಸಬಹುದು, ಆದರೆ ಅಂತಹವರಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ಅದು ಸಹಜವಾಗಿಯೇ ಇರುತ್ತದೆ. ಎಲ್ಲಕ್ಕಿಂತ ಗಂಭೀರವಾದುದು ೨೦೦೬ರಲ್ಲಿ ಪ್ರಕಟವಾದ ಫಲಿತಾಂಶ. ಗೆಲ್‌ಫ್ಯಾಂಡ್ ಮತ್ತು ಸಹೋದ್ಯೋಗಿಗಳು ಬ್ರಿಟನ್ನಿನ ವೈದ್ಯರ ದಾಖಲೆಗಳನ್ನು ಶೋಧಿಸಿ, ಉಗ್ರ ಸೋರಿಯಾಸಿಸ್ ಉಳ್ಳವರಲ್ಲಿ, ಅದರಲ್ಲಿಯೂ ಕಿರಿಯ ವಯಸ್ಸಿನವರಲ್ಲಿ, ಹೃದಯಾಘಾತದ ಸಂಭವ ಹೆಚ್ಚೆಂದು ತೋರಿಸಿದರು. ೨೦೧೪ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಹಾಸಭೆಯು ಈ ವ್ಯಾಧಿಯ ಬಗ್ಗೆ ಪ್ರತ್ಯೇಕ ನಿರ್ಣಯವನ್ನೇ ಅಂಗೀಕರಿಸಿತು. ಚರ್ಮದ ಉಗ್ರತೆಯನ್ನು ಅಳೆಯಲೆಂದು ರಕ್ತವನ್ನು ಕೆದಕಿದವರಿಗೆ ಸಿಕ್ಕಿದ್ದು ಚರ್ಮದ ಅಳತೆಯಲ್ಲ, ದೇಹಕ್ಕೆ ಒದಗಬಹುದಾದ ಅಪಾಯದ ಸುಳಿವು. ಸುಶ್ರುತನು ಹೇಳಿದ ಬೇರಿನ ಹೋಲಿಕೆ ಇಲ್ಲಿ ನಮಗೆ ನೆನಪಾಗುತ್ತದೆ. ಆದರೆ ಆತನಿಗೆ ಹೃದಯದ ಈ ವಿಚಾರ ತಿಳಿದಿತ್ತೆಂದು ವಾದಿಸಲು ನಾವು ಸಿದ್ಧರಿಲ್ಲ. ಆದಕಾರಣ ಸೋರಿಯಾಸಿಸ್ಸಿಗೆಂದು ಬಂದ ರೋಗಿಯ ರಕ್ತದಲ್ಲಿ ವೈದ್ಯನು ಸಕ್ಕರೆಯನ್ನೂ ಕೊಬ್ಬನ್ನೂ ನೋಡುವುದು, ತೋಳಿಗೆ ಪಟ್ಟಿ ಕಟ್ಟಿ ರಕ್ತದ ಒತ್ತಡವನ್ನು ಅಳೆಯುವುದು, ಪಾಸಿಯೊಡನೆ ಹೋಲಿಸಲೆಂದು ಮತ್ತೊಂದು ಅಂಕಿಯನ್ನು ಹುಡುಕುವುದಕ್ಕಿಂತ ಉಪಕಾರಿಯಾದುದು.

ರಕ್ತಪರೀಕ್ಷೆಯ ಅತ್ಯಂತ ಸಾಮಾನ್ಯವಾದ, ಚರಿತ್ರಕಾರರು ಎಂದೂ ಗಮನಿಸದ ಉಪಯೋಗ ಮತ್ತೊಂದಿದೆ. ಮೆಥೊಟ್ರೆಕ್ಸೇಟ್ ವಾರಕ್ಕೆ ಒಮ್ಮೆ ಮಾತ್ರ ಸೇವಿಸತಕ್ಕ ಔಷಧ. ದಿನವೂ ನುಂಗಿದರೆ ಬಾಯಿ ಹುಣ್ಣಾಗಿ, ಬಿಳಿಕಣಗಳು ಕುಸಿದು, ಪ್ರಾಣಕ್ಕೇ ಅಪಾಯವಾಗುತ್ತದೆ. ಚೀಟಿಯನ್ನು ಓದಲಾರದ ರೋಗಿಗೆ ಈ ಒಂದು ಮಾತನ್ನು, ಸೋಮವಾರವೆಂದೋ ಸಂತೆಯ ದಿನವೆಂದೋ ವಾರವನ್ನು ಹೆಸರಿಸಿ ಹೇಳಬೇಕಾಗುತ್ತದೆ. ಆ ಔಷಧವನ್ನು ಸೇವಿಸುವವನು ನಿಯಮಿತವಾಗಿ ಬಂದು ರಕ್ತಕಣಗಳನ್ನೂ ಯಕೃತ್ತಿನ ಸ್ಥಿತಿಯನ್ನೂ ಪರೀಕ್ಷಿಸಿಕೊಳ್ಳತಕ್ಕದ್ದು. ಆಗ ಆ ನಳಿಕೆಯ ರಕ್ತವು ಹೇಳುವುದು ರೋಗ ಎಷ್ಟಿದೆ ಎಂಬುದನ್ನಲ್ಲ, ಮದ್ದನ್ನು ಎಷ್ಟರವರೆಗೆ ತಾಳಬಹುದು ಎಂಬುದನ್ನು. ನಾಗಮಂಗಲದ ಒಳಹಳ್ಳಿಯಿಂದ ಬಸ್ಸು ಹಿಡಿದು, ಒಂದು ದಿನದ ಕೂಲಿಯನ್ನು ಬಿಟ್ಟು ಬರುವವನಿಗೆ ಈ ಪರೀಕ್ಷೆ ಅವನ ಊರಿಗೆ ಸಮೀಪದ ಆರೋಗ್ಯಕೇಂದ್ರದಲ್ಲಿಯೇ, ತಪ್ಪದೆ, ಕೈಗೆಟಕುವ ಬೆಲೆಗೆ ದೊರೆಯುವುದೇ ಎಂಬ ಪ್ರಶ್ನೆಗೆ ಪ್ರತಿಯೊಂದು ತಾಲ್ಲೂಕಿನಲ್ಲಿಯೂ ಉತ್ತರವನ್ನು ಹುಡುಕಬೇಕಾಗಿದೆ.